ಅತ್ತೆಯ ಹಚ್ಚೆ, ಜಪಾನಿನ ಬಿಸಿನೀರು

ನಮ್ಮ ಮನೆಯಲ್ಲಿ ನಗಿಸಬೇಕೆಂದು ಯಾರೂ ಬಾಯಿ ತೆರೆಯುವುದಿಲ್ಲ. ಎಲ್ಲರೂ ಮುಖ ಬಿಗಿದುಕೊಂಡು ಕೂತಿರುವಾಗಲೇ ನಗು ಬರಿಸುವಂಥವೆಲ್ಲ ನಡೆದುಹೋಗುತ್ತವೆ. ಅಮೆರಿಕದ ಬ್ಯಾಂಕುಗಳು ಒಂದೊಂದಾಗಿ ಮುಳುಗುತ್ತಿದ್ದ ಆ ವರ್ಷವಂತೂ ಮುಖ ಬಿಗಿದುಕೊಳ್ಳಲು ಕಾರಣ ಹುಡುಕಬೇಕಾಗಿರಲಿಲ್ಲ.

೧. ಟಿವಿಯ ಮಂಗಗಳು

ಮಾವನವರು ತೀರಿಕೊಂಡು ಎರಡು ವರ್ಷವಾಗಿತ್ತು. ಬಾಗಲಕೋಟೆ ಕಡೆಯ ನಮ್ಮ ಅತ್ತೆ ಆರು ತಿಂಗಳಿಗೆಂದು ಅಮೆರಿಕದ ಮೆಟುಚೆನ್‌ನ ನಮ್ಮ ಮನೆಗೆ ಬಂದಿದ್ದರು. ಬಂದ ದಿನದಿಂದ ಏನೊಂದೂ ಕೇಳಿದವರಲ್ಲ. ಚಹಾ ಕೊಟ್ಟರೆ ಕುಡಿದರು, ಮರೆತರೆ ಸುಮ್ಮನಿದ್ದರು. ಸೊಸೆಗೆ ಇದಕ್ಕಿಂತ ದೊಡ್ಡ ಸಂಕಟವಿಲ್ಲ.

ಒಂದು ದಿನ ಟಿವಿಯಲ್ಲಿ ಜಪಾನಿನ ಬಿಸಿನೀರಿನ ಬುಗ್ಗೆ ತೋರಿಸಿದರು. ಸುತ್ತಲೂ ಹಿಮ, ನಡುವೆ ಹಬೆಯಾಡುವ ನೀರು, ಅದರಲ್ಲಿ ಕತ್ತಿನವರೆಗೆ ಮುಳುಗಿ ಕಣ್ಣು ಮುಚ್ಚಿದ ಮಂಗಗಳು. ಅತ್ತೆ ಮೊಣಕಾಲು ಒತ್ತಿಕೊಳ್ಳುತ್ತ ಬಹಳ ಹೊತ್ತು ನೋಡಿದರು.

“ಮಂಗ್ಯಾಗಳಿಗೂ ಮೊಣಕಾಲ್ ನೋಯ್ತಾವೇನ್ ಯವ್ವಾ?”

“ಗೊತ್ತಿಲ್ಲ ಅತ್ತೆ.”

“ನೋವಿಲ್ಲದ ಮಂಗ್ಯಾನ ಕುಂತೈತಿ. ನಾ ಕುಂತರ ತಪ್ಪೇನು?”

೨. ಬಾಸ್ ಕೇಳಿದ್ದು

ಅತ್ತೆ ಬಾಯಿಬಿಟ್ಟು ಕೇಳಿದ್ದು ಅದೊಂದೇ. ನನ್ನ ಗಂಡ ಅವರ ವಾಪಸು ಪ್ರಯಾಣವನ್ನು ಟೋಕಿಯೋ ಮೇಲೆ ಹಾಯುವಂತೆ ಬದಲಾಯಿಸಿದರು. ಅಲ್ಲಿ ಎರಡು ದಿನ ನಾವೂ ಜೊತೆಗಿದ್ದು ಬೀಳ್ಕೊಡುವುದೆಂದಾಯಿತು.

ಮಾರಿಸ್‌ಟೌನ್‌ನ ನನ್ನ ಗಂಡನ ಆಫೀಸಿನಲ್ಲಿ ಶುಕ್ರವಾರ ಬಂತೆಂದರೆ ಯಾರಾದರೂ ಕೆಲಸ ಕಳೆದುಕೊಂಡು ರಟ್ಟಿನ ಪೆಟ್ಟಿಗೆ ಹೊತ್ತು ಕಾರಿನ ಕಡೆ ನಡೆಯುತ್ತಿದ್ದರು. ಇವರು ಮಾತ್ರ ಲಂಚ್ ಹೊತ್ತಿನಲ್ಲಿ ಜಪಾನಿನ ಯಾವ ಹೋಟೆಲಿಗೆ ಮೆಟ್ಟಿಲು ಕಡಿಮೆ, ಎಲ್ಲಿ ಮಂಚ ಉಂಟು, ಎಲ್ಲಿ ನೆಲದ ಹಾಸಿಗೆ ಎಂದು ಪಟ್ಟಿ ಮಾಡುತ್ತಿದ್ದರು. ಬಾಸ್ ಹಿಂದಿನಿಂದ ಇಣುಕಿ, “ಇಂಥ ಕಾಲದಲ್ಲಿ ವೆಕೇಶನ್ನಾ?” ಎಂದು ತಲೆಯಾಡಿಸಿ ಹೋದನಂತೆ.

ಮುಂದಿನ ಶುಕ್ರವಾರ ಪೆಟ್ಟಿಗೆ ಹಿಡಿದು ನಿಂತವನು ಅವನೇ. ಇವರು ಸಮಾಧಾನದ ಮಾತು ಹುಡುಕುತ್ತ ಎದ್ದುನಿಂತರು. ಬಾಸ್ ಅತ್ತಿತ್ತ ನೋಡಿ ಮೆಲ್ಲಗೆ ಕೇಳಿದ: “ಆ ಪಟ್ಟಿ ನನಗೂ ಒಂದು ಪ್ರಿಂಟ್ ಕೊಡ್ತೀಯಾ? ಈಗ ಟೈಮ್ ಇದೆ.”

೩. ಫಾರಮ್ಮಿನ ಪ್ರಶ್ನೆ

ಕೊನೆಗೆ ಬೆಟ್ಟದ ಮೇಲೆ ಬಿಸಿನೀರಿನ ಬುಗ್ಗೆಯಿದ್ದ ಒಂದು ಸಣ್ಣ ಹೋಟೆಲು ಗೊತ್ತಾಯಿತು. ಮೀನು ಬೇಡ, ಮೀನು ಕುದಿಸಿದ ನೀರೂ ಬೇಡ ಎಂದು ಮೂರು ಸಲ ಬರೆದು ಒಪ್ಪಿಸಿದೆವು. ಅವರಿಂದ ಫಾರಮ್ಮು ಬಂತು. ನಿಮ್ಮಲ್ಲಿ ಯಾರಿಗಾದರೂ ಟ್ಯಾಟೂ ಇದೆಯೇ ಎಂಬ ಪ್ರಶ್ನೆಗೆ ಇವರು ಕಣ್ಣು ಮಿಟುಕಿಸದೆ ‘ಇಲ್ಲ’ ಎಂದು ಕಳಿಸಿಬಿಟ್ಟರು.

ಮರುದಿನ ಅತ್ತೆ ರೊಟ್ಟಿ ಬಡಿಸುತ್ತಿದ್ದರು. ಮಣಿಕಟ್ಟಿನಿಂದ ಮೊಣಕೈವರೆಗೆ ಹಸಿರು ಹಚ್ಚೆ. ಬಲಗೈಯಲ್ಲಿ ತುಳಸಿಕಟ್ಟೆ, ತೊಟ್ಟಿಲು. ಎಡಗೈಯಲ್ಲಿ ಮಾವನವರ ಹೆಸರು. ನನಗೆ ಆ ಫಾರಮ್ಮು ನೆನಪಾಯಿತು.

“ರೀ, ಅಮ್ಮನ ಕೈಯಲ್ಲಿರೋದು ಏನು?”

“ಹಚ್ಚಿ.”

“ಅಮೆರಿಕದವರು ಅದನ್ನ ಏನಂತಾರೆ?”

ಇವರ ಕೈಯ ರೊಟ್ಟಿ ತಟ್ಟೆಗೆ ಬಿತ್ತು. ಜಪಾನಿನಲ್ಲಿ ಹಚ್ಚೆ ರೌಡಿಗಳ ಗುರುತಂತೆ, ಅಂಥವರನ್ನು ನೀರಿಗೆ ಇಳಿಸುವುದಿಲ್ಲವಂತೆ ಎಂದು ವಿವರಿಸಿದರು. ಅತ್ತೆ ಶಾಂತವಾಗಿ ಕೇಳಿಸಿಕೊಂಡರು.

“ನೀರಾಗ ಏನ್ ಉಟ್ಕೊಂಡು ಇಳೀಬೇಕು?”

“ಏನೂ ಉಡಂಗಿಲ್ಲ ಅವ್ವಾ. ಅಲ್ಲಿ ಹೆಣ್ಮಕ್ಕಳೆಲ್ಲ ಹಂಗ ಇಳೀತಾರ.”

“ಅಂದ್ರ ಬತ್ತಲೆ ಇದ್ರ ನಡೀತೈತಿ, ತುಳಸಿಕಟ್ಟಿ ಇದ್ರ ನಡಿಯಂಗಿಲ್ಲ!”

೪. ಬಾಗಿಲು ತಡೆದದ್ದು

ಸುಳ್ಳು ಹೇಳಿ ಹೋಗುವುದು ಬೇಡವೆಂದು ಸಂಜೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆವು. ಹೋಟೆಲಿನ ಯಜಮಾನಿ ವಯಸ್ಸಾದವರು, ನಿಧಾನದ ಇಂಗ್ಲಿಷು. ನಿಯಮ ನಿಯಮವೇ, ಆದರೆ ಹಚ್ಚೆಯ ಮೇಲೆ ಚರ್ಮದ ಬಣ್ಣದ ಪಟ್ಟಿ ಅಂಟಿಸಿಕೊಳ್ಳಬಹುದು ಎಂದರು. ಇವರು ಅದನ್ನು ಅಮ್ಮನಿಗೆ ತಿಳಿಸಿದರು.

“ಅವರ ಹೆಸರಿನ ಮ್ಯಾಲ ಪಟ್ಟಿ ಹಚ್ಚಂಗಿಲ್ಲ. ನನಗ ನೀರ ಬ್ಯಾಡ ಬಿಡ್ರಿ,” ಎಂದು ಅತ್ತೆ ಎದ್ದುಬಿಟ್ಟರು. ಇದ್ದ ಒಂದು ಆಸೆಯೂ ಹೋಯಿತಲ್ಲ ಎಂದು ನನಗೆ ಅಳು ಬಂತು.

ಇವರು ಅಮ್ಮನ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದರು. ಯಜಮಾನಿ, “ಯಾರ ಹೆಸರು? ಅವರೇ ಹೇಳಲಿ,” ಎಂದರು.

ಅತ್ತೆ ಗಂಡನ ಹೆಸರನ್ನು ಬರೀ ಬಾಯಲ್ಲಿ ಹೇಳಿದವರೇ ಅಲ್ಲ. ಅವರ ಕಡೆ ಅದನ್ನು ಒಡಪು, ಎಂದರೆ ಪ್ರಾಸದ ಪದ್ಯ, ಕಟ್ಟಿಯೇ ಹೇಳಬೇಕು. ಮದುವೆ ಮನೆಯಲ್ಲಿ ಒಡಪು ಹೇಳುವ ತನಕ ಬಾಗಿಲು ತಡೆದು ನಿಲ್ಲುತ್ತಾರೆ. ಮಾವನವರು ಹೋದ ಮೇಲೆ ಅತ್ತೆಯನ್ನು ಯಾರೂ ಒಡಪು ಕೇಳಿರಲಿಲ್ಲ. ಗಂಡ ಸತ್ತವಳನ್ನು ಯಾರು ಕೇಳುತ್ತಾರೆ?

ಯಜಮಾನಿಯ ಮಾತು ತಿಳಿಸಿದ್ದೇ ಅತ್ತೆ ತಿರುಗಿ ಬಂದರು. ಸೆರಗು ಸರಿಮಾಡಿಕೊಂಡು ಫೋನಿನ ಮುಂದೆ ಬಗ್ಗಿದರು.

“ಬಿಸಿಲಿಗೆ ಬಾಡಲಿಲ್ಲ, ಬಿಸಿನೀರಿಗೆ ಕರಗಲಿಲ್ಲ ಹಚ್ಚಿ,
ಗುರುಪಾದಪ್ಪನವರ ಹೆಸರ ಹಾಕಿಸಿಕೊಂಡೀನಿ ನಾ ಮೆಚ್ಚಿ.”

ಇವರು ಇಂಗ್ಲಿಷಿನಲ್ಲಿ ಅರ್ಥ ಹೇಳಿದರು. ಯಜಮಾನಿಯ ದನಿ ಬಂತು: “ಪಟ್ಟಿ ಬೇಡ. ಬೇರೆಯವರು ಏಳುವ ಮುಂಚೆ ಬರಲಿ. ನಾನೇ ಬಂದು ಬೆನ್ನು ತಿಕ್ಕುತ್ತೇನೆ.”

ನಾನು ಕಣ್ಣೊರೆಸಿಕೊಳ್ಳುತ್ತಿದ್ದೆ. ಅತ್ತೆ ಮಾತ್ರ ಬೀಗಿತ್ತಿಯ ಗತ್ತಿನಲ್ಲಿ ನೆಟ್ಟಗೆ ಕೂತರು.

“ಬರಲಿ. ಆದ್ರ ಆಕೀನೂ ಗಂಡನ ಹೆಸರಿಗೆ ಒಡಪ ಹೇಳಬೇಕು. ಹೇಳೂ ತನಕ ಬಾಗಿಲು ದಾಟಾಕ ಬಿಡಂಗಿಲ್ಲ.”

ಯಜಮಾನಿಗೆ ಇದನ್ನು ತಿಳಿಸಿದಾಗ ಅವರು ಅಷ್ಟೇ ಗಂಭೀರವಾಗಿ ಕೇಳಿದರು: “ಹೇಳುತ್ತೇನೆ. ಆದರೆ ನನಗೆ ಇಬ್ಬರು ಗಂಡಂದಿರಿದ್ದರು. ಯಾರ ಹೆಸರು ಹೇಳಲಿ?”

ಇದನ್ನು ಅಮ್ಮನಿಗೆ ಹೇಳೆಂದು ಇವರು ನನ್ನತ್ತ ಕೈ ತೋರಿಸಿದರು. ಅತ್ತೆಗೆ ನಾನೇ ಹೇಳಬೇಕಾಯಿತು. ಅತ್ತೆ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ಇಬ್ಬರದೂ ಹೇಳಲಿ. ಭೂಮಿತಾಯಿ ಕಾಸಿದ ನೀರು, ಅಷ್ಟರಾಗ ಏನ್ ಆರೂದಿಲ್ಲ.”