ಕೆರೆಯಂಗಳದ ಕಾಗೆಗೆ, ತಂದೆಯವರ ಅನ್ನದುಂಡೆಯ ವಿಷಯವಾಗಿ

ಕೆರೆ ಸಂರಕ್ಷಣಾ ಪ್ರದೇಶದ ದೋಣಿಕಟ್ಟೆಯ ಬಳಿ, ಕದಂಬ ಮರದಲ್ಲಿ ಕಾಯಮ್ಮಾಗಿ ನೆಲೆಸಿರುವ ಕಾಗೆ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಎರಡೂ ರೆಕ್ಕೆಗಳು ಕುಶಲವೆಂದು ನಂಬಿ, ಕಸ್ಬಾ ಬಡಾವಣೆಯ ಏಳನೆಯ ಮಹಡಿಯ ಮನೆಯಿಂದ ಬ್ಯಾಂಕ್ ನೌಕರ ಜಯಕರ ಮಾಡಿಕೊಳ್ಳುವ ಅರಿಕೆ. ಚಳಿಗಾಲಕ್ಕಷ್ಟೇ ಬಂದುಹೋಗುವ ಪರದೇಶದ ಬಾತುಗಳಿಗೆ ಬಣ್ಣದ ಫಲಕವೂ ದುರ್ಬೀನೂ ಮೀಸಲಾಗಿರುವ ಈ ಕೆರೆಯಲ್ಲಿ, ವರ್ಷವಿಡೀ ದುಡಿಯುವ ತಮ್ಮ ಹೆಸರಿಗೆ ಒಂದು ಹಲಗೆಯೂ ಇಲ್ಲದಿರುವುದು ನನಗೆ ನೋವು ತಂದಿದೆ. ಇದನ್ನು ಮೊದಲೇ ತಿಳಿಸಿರುವುದರಿಂದ ಮುಂದಿನ ದೂರನ್ನು ತಾವು ಮನಸ್ಸಿಗೆ ಹಚ್ಚಿಕೊಳ್ಳಲಾರಿರೆಂದು ಭಾವಿಸುತ್ತೇನೆ.

ಕಳೆದ ಶನಿವಾರ ನನ್ನ ತಂದೆ ಹಯವದನರಾಯರ ಮೊದಲ ವರ್ಷದ ಶ್ರಾದ್ಧ. ಉಡುಪಿ ಕಡೆಯವರಾದ ನಮ್ಮಲ್ಲಿ ಅನ್ನದುಂಡೆಯನ್ನು ಕಾಗೆ ಮುಟ್ಟಿದರೆ ಹೋದವರು ತೃಪ್ತರಾದರೆಂದು ನಂಬಿಕೆ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆಯೆಂದು ತಿಳಿದು, ಮನೆಯವರು ಅದನ್ನು ಊಹಿಸಿ ನಡೆಸಿಕೊಡುವ ಮಾತು ಕೊಡಬೇಕು. ನಮ್ಮ ಹೊಸ ಕಟ್ಟಡಕ್ಕೆ ಬಲೆ ಬಿಗಿದಿರುವುದರಿಂದ ಅಲ್ಲಿ ಕಾಗೆ ಸುಳಿಯುವುದಿಲ್ಲ. ತಂದೆಯವರು ನಿವೃತ್ತಿಯ ನಂತರ ಪ್ರತಿ ಸಂಜೆ ಹಕ್ಕಿ ನೋಡಲೆಂದು ಇದೇ ಕೆರೆಗೆ ಬಂದು, ಬಡೆಸೋಂಪು ಅಗಿಯುತ್ತ ಪ್ರಸನ್ನರಾಗಿ ಮರಳುತ್ತಿದ್ದುದನ್ನು ನೆನೆದು, ಕಾವಲುಗಾರ ಚಹಾಕ್ಕೆ ಹೋದ ಹೊತ್ತು ನೋಡಿ, 'ಹಕ್ಕಿಗಳಿಗೆ ಆಹಾರ ಹಾಕಬಾರದು' ಎಂಬ ಫಲಕದ ಮರೆಯಲ್ಲಿ, ತಮ್ಮ ಮರದ ಬುಡದಲ್ಲೇ ಎಲೆ ಇಟ್ಟೆವು.

ಅಂದೇ ಒಂದು ಸಾಫ್ಟ್‌ವೇರ್ ಕಂಪನಿಯ ಸಿಬ್ಬಂದಿ ಒಂದೇ ಬಣ್ಣದ ಟೀ ಶರ್ಟ್ ತೊಟ್ಟು, ದೋಣಿ ತುಳಿಯುತ್ತ, ಮೇಲಧಿಕಾರಿಗಳ ಆದೇಶದಂತೆ ನಿಸರ್ಗವನ್ನು ಪ್ರೀತಿಸುತ್ತಿದ್ದರು. ಅವರ ಬಿರಿಯಾನಿ ಪೊಟ್ಟಣಗಳನ್ನು ತಪಾಸಣೆ ಮಾಡುವಲ್ಲಿ ತಾವು ತೋರಿದ ಶ್ರದ್ಧೆಯನ್ನು ನಮ್ಮ ಬ್ಯಾಂಕಿನ ಆಡಿಟರುಗಳು ಕಲಿಯಬೇಕು. ನಮ್ಮ ಎಲೆಗೂ ಬಂದಿರಿ. ಉದ್ದಿನ ವಡೆಯನ್ನು ಒಂದು ಕಣ್ಣಿನಿಂದ, ಅನ್ನದುಂಡೆಯನ್ನು ಇನ್ನೊಂದರಿಂದ ನೋಡಿ, ಹಾರಿಹೋದಿರಿ.

ತಾವು ಮುಟ್ಟುವವರೆಗೆ ಹನಿ ನೀರೂ ಕುಡಿಯುವುದಿಲ್ಲವೆಂದು ಕೂತಿದ್ದ ನನ್ನ ತಾಯಿ ವಿಶಾಲಾಕ್ಷಿಯವರಿಗೆ ಸಕ್ಕರೆ ಕಾಯಿಲೆ. ಹೊತ್ತು ನೆತ್ತಿ ದಾಟಿತು. ಗಯೆಗೆ ಹೋಗಿಬರುತ್ತೇನೆಂದೆ. ಮಠದಲ್ಲಿ ಅನ್ನದಾನ ಮಾಡಿಸೋಣವೆಂದು ನನ್ನ ಹೆಂಡತಿ ಸುಗಂಧಿ ಮಾತು ಕೊಟ್ಟಳು. ಕೊನೆಗೆ ಷೇರು ವ್ಯವಹಾರವನ್ನೇ ಬಿಡುತ್ತೇನೆಂದೆ. ತಾವು ಕೊಂಬೆಗೆ ಕೊಕ್ಕು ಒರೆಸಿಕೊಂಡಿರಿ. ಆಗ ಅಮ್ಮ, ಯಾರ ಮುಖವನ್ನೂ ನೋಡದೆ, "ಅವರು ಇಲ್ಲಿಗೆ ಬರ್ತಾ ಇದ್ದದ್ದು ಹಕ್ಕಿ ನೋಡ್ಲಿಕ್ಕಲ್ಲ ಮಗಾ. ಗೇಟಿನ ಹತ್ರ ಅಂಗಡಿ ಉಂಟಲ್ಲ, ಅಲ್ಲಿಂದ ಒಂದು ಫಿಶ್ ಫ್ರೈ ತಾ" ಎಂದರು.

ತಂದು ಎಲೆಯ ಅಂಚಿಗಿಟ್ಟೆ. ತಾವು ಇಳಿದು ಬಂದು, ಮೀನು ಮುಗಿಸಿ, ಸೌಜನ್ಯಕ್ಕೆಂಬಂತೆ ಅನ್ನದುಂಡೆಯನ್ನೊಮ್ಮೆ ಕುಕ್ಕಿದಿರಿ. ಅಮ್ಮ ನೀರು ಕುಡಿದರು.

ಆದಕಾರಣ, ಸಸ್ಯಾಹಾರಿ ಕುಟುಂಬಗಳಿಗೆಂದೇ ಒಬ್ಬ ಸಹಾಯಕ ಕಾಗೆಯನ್ನು ನೇಮಿಸಬೇಕೆಂದೂ, ಕಂಪನಿಗಳು ವಿಹಾರಕ್ಕೆ ಬರುವ ದಿನ ಪಿತೃಗಳಿಗೆ ಬೇರೆ ಸರದಿ ಇಡಬೇಕೆಂದೂ ಕೋರುತ್ತೇನೆ. ಜೊತೆಗೆ, ಜೀವಮಾನವಿಡೀ ಪಕ್ಕದಲ್ಲೇ ಕೂತು ಉಂಡ ಮಗನಿಗೆ ತಿಳಿಯದ ಸಂಗತಿ ತಮಗೆ ಹೇಗೆ ತಿಳಿಯಿತೆಂಬುದನ್ನು, ಬಿಡುವಾದಾಗ, ಲಿಖಿತವಾಗಿ ತಿಳಿಸಬೇಕು.

ಮರದ ಕೆಳಗೆ ಕತ್ತೆತ್ತಿ ನಿಂತಿರುವ
ತಮ್ಮ ವಿಶ್ವಾಸಿ,
ಜಯಕರ

ಮರೆತ ಮಾತು: ಅಮ್ಮನಿಗೂ ಈಗ ಹಕ್ಕಿಗಳಲ್ಲಿ ಆಸಕ್ತಿ ಹುಟ್ಟಿದೆ. ದಿನವೂ ಸಂಜೆ ಒಬ್ಬರೇ ಕೆರೆಗೆ ಹೋಗುತ್ತಾರೆ. ಇವತ್ತು ಯಾವ ಹಕ್ಕಿ ಕಂಡಿತೆಂದು ಕೇಳಿದರೆ ಕೈ ತೊಳೆಯಲು ಬಚ್ಚಲಿಗೆ ನಡೆಯುತ್ತಾರೆ. ಬಾಯಲ್ಲಿ ಬಡೆಸೋಂಪು ಇರುತ್ತದೆ.