ಹಸಿರು ಬಾವುಟಕ್ಕೆ ನಿಲ್ಲದ ತಮ್ಮ

ಇಡೀ ಚಿಕ್ಕಜಾಜೂರಿನಲ್ಲಿ ಕಂಡವರ ಬಾಯಿ ಮೂಸಿ ದುಡ್ಡು ವಸೂಲಿ ಮಾಡುವ ಗಂಡಸು ಒಬ್ಬನೇ. ನನ್ನ ಗ್ರಹಚಾರಕ್ಕೆ ಅವನು ನನ್ನ ತಮ್ಮ.

ರೈಲ್ವೆ ಗೇಟು ಕಾಯುತ್ತಿದ್ದವನು. ನಿವೃತ್ತನಾದ ಮೇಲೆ ಕೈ ಸುಮ್ಮನಿರಲಿಲ್ಲ. ದರ್ಜಿ ಸಾಹೇಬರ ಹತ್ತಿರ ಕೆಂಪು ಒಂದು, ಹಸಿರು ಒಂದು ಬಾವುಟ ಹೊಲಿಸಿಕೊಂಡ. ಹೆಂಡತಿ ತೀರಿಕೊಂಡ ವರ್ಷವೇ ಬೀದಿಯವರ ಚಟ ಬಿಡಿಸಲು ಹೊರಟ. ಬೀಡಿಗೆ ಐದು ರೂಪಾಯಿ ದಂಡ, ಹೊಗೆಸೊಪ್ಪಿಗೆ ಹತ್ತು. ಆ ದುಡ್ಡಿನಲ್ಲಿ ಶಾಲೆ ಮಕ್ಕಳಿಗೆ ಬಾಳೆಹಣ್ಣು. ನಾವೇಕೆ ಕೊಡುತ್ತಿದ್ದೆವು ಅಂತೀರಾ? ಕೊಡದಿದ್ದರೆ ಬಾಗಿಲಲ್ಲಿ ನಿಂತು ಸೀಟಿ ಊದುತ್ತಿದ್ದ!

ಮೊದಲು ಸಿಕ್ಕಿಬಿದ್ದವರು ದರ್ಜಿ ಸಾಹೇಬರೇ. ಮೂರನೇ ದಿನ ಐವತ್ತರ ನೋಟು ಚಾಚಿದರು.

"ಇದೇನ್ರಿ?" ಎಂದ ತಮ್ಮ.

"ಹತ್ತು ಬೀಡಿದು ಮುಂಗಡ. ಇನ್ನು ಕದ್ದು ಸೇದೋ ತಾಪತ್ರಯ ಇಲ್ಲ ನೋಡ್ರಿ."

ದಂಡ ಶುರುವಾದ ಮೇಲೆ ಅವರ ಬೀಡಿ ಹೆಚ್ಚೇ ಆಯಿತು.

ನನ್ನ ಬಾಗಿಲಿಗೆ ಬೆಳಿಗ್ಗೆ ಏಳಕ್ಕೆ ಬರುತ್ತಿದ್ದ. "ಬಾಯಿ ತೆಗಿ." ಹೊಗೆಸೊಪ್ಪು ಕಂಡರೆ ಕೆಂಪು ಬಾವುಟ. ಒಳಗೆ ಬಂದು ಕೂತು ಒಂದು ತಾಸು ಉಪದೇಶ, ಮಧ್ಯೆ ಎರಡು ಲೋಟ ಕಾಫಿ.

ಆಮೇಲೆ ಹೊಳಲ್ಕೆರೆಯ ಡಾಕ್ಟರು ನನ್ನ ಕೆನ್ನೆಯೊಳಗಿನ ಬಿಳಿ ಕಲೆ ನೋಡಿ, "ಅಜ್ಜಿ, ಹೊಗೆಸೊಪ್ಪು ಬೇಕೋ, ಬಾಯಿ ಬೇಕೋ?" ಎಂದರು. ಬೈಯುವುದಕ್ಕಾದರೂ ಬಾಯಿ ಬೇಕಲ್ಲ, ಬಿಟ್ಟೆ.

ಮರುದಿನ ತಮ್ಮ ಮೂಸಿ ನೋಡಿದ. ಹಸಿರು ಬಾವುಟ ಬೀಸಿ ಮುಂದಕ್ಕೆ ಹೋದ. ಹಸಿರು ತೋರಿಸಿದರೆ ರೈಲು ನಿಲ್ಲುತ್ತದೆಯೇ? ಇವನೂ ನಿಲ್ಲಲಿಲ್ಲ. ತಿಂಗಳಿಡೀ ಹಸಿರು. ಅವನ ಪಾಲಿನ ಕಾಫಿಯನ್ನೂ ಮಾಡಿ ನಾನೇ ಕುಡಿದೆ. ಗಂಡ ಸತ್ತು ಹನ್ನೊಂದು ವರ್ಷವಾಗಿದೆ. ಆ ತಿಂಗಳು ಹೊಸದಾಗಿ ಸತ್ತ ಹಾಗಿತ್ತು.

ಒಂದು ಬೆಳಿಗ್ಗೆ ದವಡೆಗೆ ಕೊಬ್ಬರಿ ಚೂರು ಒತ್ತರಿಸಿಕೊಂಡು ಬಾಗಿಲು ತೆಗೆದೆ. ಉಬ್ಬಿದ ಕೆನ್ನೆ ಕಂಡದ್ದೇ ಕೆಂಪು ಬಾವುಟ ಏರಿತು. ಅವನಿಗೆ ನೆಗಡಿ, ವಾಸನೆ ತಿಳಿಯಲಿಲ್ಲ. ವಾರವಿಡೀ ದಿನಾ ಹತ್ತು ರೂಪಾಯಿ ಕೊಟ್ಟೆ, ಬೈಸಿಕೊಂಡೆ. ಎಂಟನೇ ದಿನ ಅವನ ಕಟ್ಟಿದ ಮೂಗು ಬಿಟ್ಟಿತು.

"ಇದು ಕೊಬ್ರಿ ಅಲ್ಲೇನೆ ಅಕ್ಕ?"

"ಹೂಂ."

"ಮತ್ತೆ ದಂಡ ಯಾಕೆ ಕೊಟ್ಟೆ?"

"ಹಸಿರಾದ್ರೆ ನೀನು ನಿಲ್ಲಲ್ವಲ್ಲೋ."

ಅವನು ಒಳಗೆ ಬಂದು ಕೂತ. ಕಾಫಿ ಮುಗಿಸಿ ಬಾವುಟ ಸುತ್ತಿಟ್ಟ.

"ಸುಳ್ಳು ಹೇಳಿದ್ದಕ್ಕೆ ಇಪ್ಪತ್ತು ರೂಪಾಯಿ ದಂಡ ಐತೆ. ಒಂದೇ ಸಲ ಕೊಡಬ್ಯಾಡ. ದಿನಕ್ಕೊಂದು ರೂಪಾಯಿ. ನಾನೇ ಬಂದು, ಕುಂತ್ಕಂಡು ತಗಂತೀನಿ."

ಮೊನ್ನೆ ದೀಪಾವಳಿ ಕಳೆಯಿತು. ಆ ದಂಡ ಹಾಕಿದ್ದು ಯುಗಾದಿಯಲ್ಲಿ, ವಸೂಲಿ ಇನ್ನೂ ನಡೆದಿದೆ. ಇಪ್ಪತ್ತರ ಮುಂದೆ ಎಣಿಸಲು ನನಗೂ ಬರುತ್ತದೆ, ಅವನಿಗೂ ಬರುತ್ತದೆ. ಇಬ್ಬರೂ ಸುಮ್ಮನಿದ್ದೇವೆ.