ಷಡ್ಡಕ ಹೇಳಿಕೊಟ್ಟ ಒಲೆ

ಇಷ್ಟಕ್ಕೆಲ್ಲ ಕಾರಣ ಒಂದು ಒದ್ದೆ ಟವೆಲ್ಲು. ಗುಮಾಸ್ತನ ಹೆಂಡತಿ ರಾತ್ರಿ ಅದನ್ನು ಬಚ್ಚಲಿನ ಮೊಳೆಗೆ ನೇತುಹಾಕಿದ್ದಳು. ಬೆಳಿಗ್ಗೆ ತೆಗೆಯಲು ಹೋದರೆ ಹಲಗೆಯಂತೆ ಸೆಟೆದು ನಿಂತಿತ್ತು. ಜಗ್ಗಿದಳು. ಟವೆಲ್ಲಿನ ಮೂಲೆ ಬಿಸ್ಕತ್ತಿನ ಹಾಗೆ ಲಟಕ್ಕನೆ ಮುರಿದು ಕೈಗೆ ಬಂತು.

ಬಟ್ಟೆ ಎಲ್ಲಾದರೂ ಮುರಿಯುತ್ತದೆಯೇ ಎಂದು ಕೇಳುವವರು ಆ ಮನೆಯ ಚಳಿ ಕಂಡವರಲ್ಲ. ನಾನು ಕಂಡಿದ್ದೇನೆ. ಅಲ್ಲಿ ಗೋಡೆ ಗಡಿಯಾರದ ಎರಡು ಮುಳ್ಳುಗಳು ಚಳಿ ತಾಳಲಾರದೆ ಒಂದನ್ನೊಂದು ತಬ್ಬಿಕೊಂಡು ಹನ್ನೆರಡರ ಮೇಲೇ ನಿಂತುಬಿಟ್ಟಿದ್ದವು. ಇಲಿಗಳು ಬೆಕ್ಕಿನ ಹೊಟ್ಟೆಯ ಕೆಳಗೆ ಮಲಗುತ್ತಿದ್ದವು. ಬೆಕ್ಕು ತನಗೂ ಬೆಚ್ಚಗಾಗುತ್ತದೆಂದು ಸುಮ್ಮನಿರುತ್ತಿತ್ತು.

ಮುರಿದ ತುಂಡನ್ನು ಗಂಡನ ಮುಂದೆ ಹಿಡಿದು ಅವಳು ಹೇಳಿದಳು: "ರೀ, ನಾನು ಅಕ್ಕನ ಮನೆಗೆ ಹೊರಟೆ. ಅವರ ಮನೇಲಿ ಭಾವ ಒಲೆ ಹಾಕಿಸಿದಾರೆ, ಬೆಚ್ಚಗಿದೆ. ನಮ್ಮನೆ ಬಿಸಿಯಾದ ದಿನ ಫೋನ್ ಮಾಡಿ, ಬರ್ತೀನಿ."

ಪಾರ್ಸೆಲ್ ಕಚೇರಿಯ ಈ ಗುಮಾಸ್ತನಿಗೆ ಓಣಿಯವರು ಇಟ್ಟ ಹೆಸರು ಕಂಬಳಿ ಗುಮಾಸ್ತ. ಹನ್ನೊಂದು ದಿನ ಕಂಬಳಿ ಹೊದ್ದು, ತಾನೇ ಬೇಯಿಸಿದ್ದನ್ನು ತಾನೇ ತಿಂದು, ಕೊನೆಗೆ ಒಂದು ಕಟ್ಟಿಗೆ ಒಲೆ ಕೊಂಡುತಂದ. ಕಪ್ಪು ಕಬ್ಬಿಣದ, ಮುಂದೆ ಗಾಜಿನ ಬಾಗಿಲಿನ, ಡೊಳ್ಳುಹೊಟ್ಟೆಯ ಒಲೆ. ಕಚೇರಿಗೆ ರಜೆ ಹಾಕಿ ಹೆಂಡತಿಗೆ ಫೋನ್ ಮಾಡಿದ.

"ಇವತ್ತೇ ಸಂಜೆ ಬಾ. ಐದೂವರೆಗೆ ಇಲ್ಲಿಗೆ ಬರೋ ಬಸ್ಸಿಗೆ."

"ಬರ್ತೀನಿ. ಆದ್ರೆ ಒಳಗೆ ಕಾಲಿಟ್ಟ ತಕ್ಷಣ ನಾನು ಸ್ವೆಟರ್ ಬಿಚ್ಚೋ ಹಾಗಿರ್ಬೇಕು. ಹೊಗೆ ವಾಸನೆ ಬಂತೋ, ಅದೇ ಬಸ್ಸಲ್ಲಿ ವಾಪಸ್. ಆಮೇಲೆ ಚಳಿಗಾಲ ಮುಗಿಯೋವರೆಗೂ ಕರೀಬೇಡಿ."

ಚಳಿಗಾಲ ಮುಗಿಯಲು ಇನ್ನೂ ಮೂರು ತಿಂಗಳು ಬಾಕಿ. ಮೂರು ತಿಂಗಳು ತನ್ನ ಕೈಯಡುಗೆ ತಿಂದರೆ ತಾನು ಉಳಿಯುವುದಿಲ್ಲವೆಂದು ಗುಮಾಸ್ತನಿಗೆ ಖಾತ್ರಿಯಿತ್ತು.

ಅಷ್ಟರಲ್ಲೇ ಆ ತುದಿಯಲ್ಲಿ ಅವಳ ಕೈಯಿಂದ ಫೋನನ್ನು ಷಡ್ಡಕ ಕಿತ್ತುಕೊಂಡ. ಹೆಂಡತಿಯ ಅಕ್ಕನ ಗಂಡನಾದ ಈ ಷಡ್ಡಕ ಹುಟ್ಟುವಾಗಲೇ ಸೂಲಗಿತ್ತಿಗೆ ಸಲಹೆ ಕೊಟ್ಟವನಂತೆ.

"ಏನಯ್ಯಾ, ಒಲೆ ತಂದೆಯಂತೆ? ಯಾರನ್ನೂ ಕರೀಬೇಡ. ನಾನು ಹೇಳಿದ ಹಾಗೆ ಮಾಡು, ಹತ್ತು ನಿಮಿಷದ ಕೆಲಸ."

"ಭಾವ, ಅದರ ಜೊತೆ ಒಂದು ಪುಸ್ತಕ ಬಂದಿದೆ, ಮೂವತ್ತೆರಡು ಪುಟ..."

"ಪುಸ್ತಕ ಓದ್ಕೊಂಡು ಯಾರಾದ್ರೂ ಬೆಂಕಿ ಹಚ್ತಾರೇನಯ್ಯಾ! ಒಲೆ ಅಲ್ಲಾಡ್ತಿದೆಯಾ?"

"ಸ್ವಲ್ಪ ಅಲ್ಲಾಡುತ್ತೆ."

"ಹಾಗಾದ್ರೆ ಪುಸ್ತಕಾನ ಕಾಲಿನ ಕೆಳಗಿಡು. ಅದು ಬಂದಿರೋದೇ ಅದಕ್ಕೆ."

ಇಟ್ಟ. ಒಲೆ ಅಲ್ಲಾಡುವುದು ನಿಂತಿತು. ಷಡ್ಡಕನ ಮೇಲೆ ಗುಮಾಸ್ತನ ನಂಬಿಕೆ ಅಲ್ಲಿಂದ ಗಟ್ಟಿಯಾಯಿತು, ಅವನು ಕೆಟ್ಟಿದ್ದೂ ಅಲ್ಲಿಂದಲೇ.

"ಈಗ ಕಿಟಕಿಯ ಒಂದು ಗಾಜು ತೆಗಿ. ಪೈಪನ್ನ ನೆಟ್ಟಗೆ ಹೊರಗೆ ತಳ್ಳು. ಮುಗೀತು. ನಮ್ಮನೇಲಿ ನಾಲ್ಕು ವರ್ಷದಿಂದ ಹಾಗೇ ಇದೆ, ಯಾರಪ್ಪನೂ ಕೇಳಿಲ್ಲ."

ಗಾಜು ತೆಗೆಯುವಾಗ ಮೂರು ಗಾಜು ಒಡೆದವು. ಸದ್ದಿಗೆ ಪಕ್ಕದ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಓಡಿಬಂದರು. ಕೊರಳಲ್ಲಿ ಸೀಟಿ. ಆ ಸೀಟಿ ಊದಿಕೊಂಡೇ ಅವರು ನಿದ್ದೆಯಿಂದ ಏಳುತ್ತಾರೆ; ಗೊರಕೆಯೂ ಅದರಲ್ಲೇ ಹೊಡೆಯುತ್ತಾರೆಂದು ಅವರ ಮನೆಯವರೇ ನನಗೆ ಹೇಳಿದ್ದಾರೆ.

"ಏನ್ರೀ ಗುಮಾಸ್ತರೇ, ಒಲೇನ ಮೂಲೆಗೆ ತಳ್ರೀ! ಗೋಡೆಗೆ ಬೆನ್ನು ತಾಗಿಸಿ! ಸೋಫಾ ಹತ್ತಿರಕ್ಕೆ! ಇನ್ನೂ ಹತ್ತಿರಕ್ಕೆ! ಕಾಲು ಚಾಚಿದ್ರೆ ಒಲೆಗೆ ತಾಗ್ಬೇಕು, ಇಲ್ದಿದ್ರೆ ಒಲೆ ಯಾಕೆ?" ಎಂದು ಸೀಟಿ ಊದಿ, "ಕಟ್ಟಿಗೆ ಎಲ್ಲಿ?" ಎಂದರು.

ಕಟ್ಟಿಗೆ ಹಿಂದಿನ ದಿನ ಮರದ ಡಿಪೋದಿಂದ ಬಂದಿತ್ತು. ಎಷ್ಟು ಹಸಿಯೆಂದರೆ ಒಂದು ಕೊರಡಿನ ತುದಿಯಲ್ಲಿ ಎರಡೆಲೆ ಚಿಗುರಿತ್ತು. ಮೇಷ್ಟ್ರು ಅದನ್ನು ಒಲೆಯ ಬಾಯಿತುಂಬ, ಗಂಟಲುತುಂಬ ತುರುಕಿಸಿದರು. ಗುಮಾಸ್ತ ಕಡ್ಡಿ ಗೀರಿದ.

ಆಮೇಲೆ ಬಂದದ್ದು ಬೆಂಕಿಯಲ್ಲ. ಹೊಗೆ. ಅಂಥ ಹೊಗೆಯನ್ನು ನಾನು ನನ್ನ ಜನ್ಮದಲ್ಲಿ ನೋಡಿಲ್ಲ. ಕೊಡಲಿಯಿಂದ ಕಡಿದು ಅಟ್ಟಿ ಹಾಕಬಹುದಾಗಿತ್ತು. ಮೊದಲು ಅದು ಒಳಗೇ ಸುತ್ತಿ ಮನೆಯೆಲ್ಲ ನೋಡಿತು. ಗುಮಾಸ್ತನಿಗೆ ಮೇಷ್ಟ್ರು ಕಾಣಲಿಲ್ಲ, ಮೇಷ್ಟ್ರಿಗೆ ಬಾಗಿಲು ಕಾಣಲಿಲ್ಲ. ಹೊಗೆಯೊಳಗಿನಿಂದ ಸೀಟಿ ಮಾತ್ರ ದಾರಿ ತಪ್ಪಿದ ರೈಲಿನಂತೆ ಕೂಗುತ್ತಿತ್ತು. ಆಮೇಲೆ ಗಾಳಿ ತಿರುಗಿ ಹೊಗೆಯೆಲ್ಲ ಕಿಟಕಿಯ ಪೈಪಿನಿಂದ ಓಣಿಗೆ ನುಗ್ಗಿ, ಎದುರಿನ ಇಸ್ತ್ರಿ ಅಂಗಡಿಯ ಒಳಗೇ ಹೋಯಿತು. ಅಲ್ಲಿ ದೊಡ್ಡ ಹೋಟೆಲಿನ ಮಾಣಿಗಳ ನಲವತ್ತು ಬಿಳಿ ಅಂಗಿಗಳು ಸಾಲಾಗಿ ತೂಗುತ್ತಿದ್ದವು.

ಐದೇ ನಿಮಿಷ. ಇಸ್ತ್ರಿ ಅಮ್ಮ ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದೇ ಬಾಗಿಲಿಗೆ ಬಂದಳು.

"ಏನಪ್ಪಾ ಕಂಬಳಿ! ನನ್ನ ಅಂಗಿ ಬಿಳೀದಿತ್ತು, ಈಗ ನೋಡು, ಹೆಗ್ಗಣದ ಬಣ್ಣ! ನಿನ್ನ ಮುಖಕ್ಕೆ ಒಂದು ಸಲ ಇಸ್ತ್ರಿ ಎಳೀಲಾ?"

"ತಪ್ಪಾಯ್ತಮ್ಮಾ, ತಪ್ಪಾಯ್ತು..."

"ನಲವತ್ತನ್ನೂ ನೀನೇ ಒಗೆದುಕೊಡು. ಇನ್‌ಸ್ಪೆಕ್ಟರಿಗೆ ಫೋನ್ ಮಾಡಿದೀನಿ. ಬರ್ತಿದಾರೆ."

ಮೇಷ್ಟ್ರು ಒಂದು ಬಕೆಟ್ ನೀರನ್ನು ಒಲೆಗೆ ಎರಚಲು ಕೈಯೆತ್ತಿದ್ದರು. "ಇಡಿ ಕೆಳಗೆ!" ಎಂಬ ದನಿ ಬಾಗಿಲಿನಿಂದ ಬಂತು. ಮೂವತ್ತು ವರ್ಷ ಊರಿಗೆಲ್ಲ ಆಜ್ಞೆ ಕೊಟ್ಟ ಮೇಷ್ಟ್ರು ಮೊದಲ ಬಾರಿಗೆ ಇನ್ನೊಬ್ಬರ ಆಜ್ಞೆ ಕೇಳಿ ಬಕೆಟ್ ಇಟ್ಟು ನೆಟ್ಟಗೆ ನಿಂತರು.

ಬಂದವಳು ಬೆಂಕಿ ಸುರಕ್ಷೆಯ ಇನ್‌ಸ್ಪೆಕ್ಟರ್ ಮೇಡಂ. ಸೊಂಟದಲ್ಲಿ ಅಳತೆಯ ಟೇಪು, ಕೈಯಲ್ಲಿ ಮುಚ್ಚಳವಿರುವ ಕಬ್ಬಿಣದ ಬಕೆಟ್ಟು.

"ಕಾದ ಕಬ್ಬಿಣಕ್ಕೆ ತಣ್ಣೀರು ಹಾಕಿದ್ರೆ ಸೀಳುತ್ತೆ. ನಿಮ್ಮ ಜೊತೆಗೇ ಸೀಳುತ್ತೆ," ಎನ್ನುತ್ತ ಸಲಿಕೆಯಿಂದ ಹೊಗೆಯಾಡುವ ಕೊರಡುಗಳನ್ನು ಬಕೆಟ್ಟಿಗೆ ತುಂಬಿ, ಮುಚ್ಚಳ ಹಾಕಿ ಅಂಗಳದಲ್ಲಿಟ್ಟು ಬಂದಳು. ಆಮೇಲೆ ತನ್ನ ದಂಡದ ರಶೀದಿ ಪುಸ್ತಕ ತೆರೆದಳು.

"ಪೈಪು ಅಡ್ಡಡ್ಡ ಕಿಟಕಿಯಿಂದ ಹೋಗಿದೆ. ಹೀಗೆ ಹಾಕಿ ಅಂತ ಯಾರು ಹೇಳಿದ್ದು?"

"ನಮ್ಮ ಷಡ್ಡಕರು, ಮೇಡಂ. ಅವರ ಮನೇಲೂ ಹಾಗೇ ಇದೆ."

"ಹಸಿ ಕಟ್ಟಿಗೆ?"

"ಷಡ್ಡಕರು ಹಸಿ-ಒಣ ಅಂತ ಭೇದ ಮಾಡಲ್ಲ, ಮೇಡಂ."

"ಒಲೆ ಗೋಡೆಗೆ ಅಂಟಿದೆ, ಪರದೆ ಪೈಪಿಗೆ ಅಂಟಿದೆ, ಸೋಫಾ ಒಲೆ ಬಾಗಿಲಿಗೆ ಅಂಟಿದೆ. ಇದು?"

ಇದು ಮೇಷ್ಟ್ರ ಕೆಲಸ. ಆದರೆ ಮೇಷ್ಟ್ರು ಎದುರಿಗೇ ನಿಂತಿದ್ದರು, ಷಡ್ಡಕ ದೂರದಲ್ಲಿದ್ದ. "ಅದೂ ಷಡ್ಡಕರೇ," ಎಂದ ಗುಮಾಸ್ತ.

"ಸೂಚನೆ ಪುಸ್ತಕ ಕೊಟ್ಟಿರ್ತಾರಲ್ಲ?"

ಗುಮಾಸ್ತ ಒಲೆಯ ಕಾಲಿನ ಕಡೆ ಬೆರಳು ತೋರಿಸಿದ. ಮೇಡಂ ಬಗ್ಗಿ ನೋಡಿದಳು. ಎದ್ದು ರಶೀದಿ ಪುಸ್ತಕದಲ್ಲಿ ಹೊಸ ಹಾಳೆ ತಿರುವಿದಳು. ಆಮೇಲೆ ಬಲು ಮೆಲ್ಲಗೆ, "ನಿಮ್ಮ ಷಡ್ಡಕರ ವಿಳಾಸ ಹೇಳಿ," ಎಂದಳು.

ದಂಡ ತನ್ನ ತಲೆಯಿಂದ ಇಳಿದು ಇನ್ನೊಬ್ಬನ ತಲೆಗೆ ಏರುವ ಸದ್ದು ಗುಮಾಸ್ತನಿಗೆ ಕೇಳಿಸಿತು. ಉಸಿರು ಬಿಡದೆ ಹೇಳಿದ. ಯಾವ ಬಸ್ಸು, ಯಾವ ನಿಲ್ದಾಣ, ಎಷ್ಟನೇ ತಿರುವು, ಎಲ್ಲ.

"ನಾಲ್ಕೂಕಾಲಿಗೆ ಮತ್ತೆ ಬರ್ತೀನಿ," ಎಂದಳು ಮೇಡಂ. "ಅಷ್ಟರಲ್ಲಿ ಪುಸ್ತಕದಲ್ಲಿರೋ ಹಾಗೆ ಮಾಡಿಸಿ. ಇಲ್ದಿದ್ರೆ ಒಲೆಗೆ ಮೊಹರು."

ಗಂಟೆ ಹನ್ನೊಂದೂವರೆ. ಮುಂದಿನ ಮೂರೂವರೆ ಗಂಟೆ ಆ ಮನುಷ್ಯ ಓಡಿದ ಓಟವನ್ನು ಕುದುರೆ ನೋಡಿದ್ದರೆ ನಾಚಿ ಲಾಯ ಬಿಟ್ಟು ಹೊರಬರುತ್ತಿರಲಿಲ್ಲ. ತಗಡು ಕೆಲಸದವನನ್ನು ಊಟದ ತಟ್ಟೆಯಿಂದ ಎಬ್ಬಿಸಿ ತಂದ. ಅವನು ಕೈ ತೊಳೆಯದೆಯೇ ಛಾವಣಿಗೆ ತೂತು ಕೊರೆದು, ಎರಡು ಪದರದ ಪೈಪನ್ನು ನೆಟ್ಟಗೆ ಮೇಲಕ್ಕೆ ಏರಿಸಿ, ತುದಿಗೆ ಟೋಪಿ ಹಾಕಿದ. ಒಲೆಯ ಕೆಳಗೆ ಕಲ್ಲುಚಪ್ಪಡಿ ಬಂತು. ಪರದೆ ಇಳಿಯಿತು. ಒಲೆಯ ವಿಷಗಾಳಿ ಸೋರಿದರೆ ಕೂಗುವ ಅಲಾರಂ ಗೋಡೆಗೇರಿತು. ಒಡೆದ ಗಾಜುಗಳ ಜಾಗಕ್ಕೆ ಹೊಸವು ಕೂತವು. ಬ್ರೆಡ್ ಭಟ್ಟಿಯವನ ಕಾಲು ಹಿಡಿದು, ಎರಡು ವರ್ಷ ಒಣಗಿದ, ಒಂದಕ್ಕೊಂದು ಬಡಿದರೆ ಟಣ್ ಎನ್ನುವ ಕಟ್ಟಿಗೆ ತಂದ. ಇದರ ನಡುನಡುವೆ ಅಂಗಿ ಒಗೆದ. ಹನ್ನೆರಡನೆಯ ಅಂಗಿಗೆ ಬೆರಳು ನೀಲಿಯಾದವು. ಇಪ್ಪತ್ತೈದನೆಯದಕ್ಕೆ ಆ ಬೆರಳುಗಳು ಯಾರವೆಂದು ಅವನಿಗೇ ಗುರುತು ಸಿಗಲಿಲ್ಲ.

"ಉಜ್ಜಪ್ಪಾ, ಕಾಲರ್ ಉಜ್ಜು!" ಎಂದು ಎದುರಿನಿಂದ ಇಸ್ತ್ರಿ ಅಮ್ಮ ಕೂಗುತ್ತಿದ್ದಳು.

"ಒಂದ್, ಎರಡ್! ಒಂದ್, ಎರಡ್!" ಎಂದು ಮೇಷ್ಟ್ರು ಉಜ್ಜುವುದಕ್ಕೆ ತಾಳ ಹಾಕುತ್ತಿದ್ದರು.

ಬೆಳಗಿನಿಂದ ಹತ್ತು ನಿಮಿಷಕ್ಕೊಮ್ಮೆ ಬರುತ್ತಿದ್ದ ಷಡ್ಡಕನ ಫೋನು ಎರಡು ಗಂಟೆಯ ಮೇಲೆ ನಿಂತುಹೋಗಿತ್ತು. ಇದ್ದುದರಲ್ಲಿ ಇದೊಂದು ಒಳ್ಳೆಯದಾಯಿತು ಎಂದುಕೊಂಡ ಗುಮಾಸ್ತ.

ಮೂರಕ್ಕೆ ಪುಸ್ತಕದ ಕೊನೆಯ ಪುಟ ತೆರೆದು ನೋಡಿದರೆ ಇನ್ನೊಂದು ಪೀಡೆ ಕಾದಿತ್ತು. ಹೊಸ ಒಲೆಯ ಬಣ್ಣ ಕಾದಾಗ ವಾಸನೆ ಬರುತ್ತದೆ. ಮೊದಲ ಬೆಂಕಿ ಸಣ್ಣದಾಗಿರಲಿ, ಕಿಟಕಿ ಬಾಗಿಲುಗಳೆಲ್ಲ ತೆರೆದಿರಲಿ ಎಂದು ಬರೆದಿತ್ತು. ತೆರೆದ. ಒಳಗೆ ಒಲೆ ಉರಿಯುತ್ತಿತ್ತು. ಓಣಿಯ ಚಳಿಯೆಲ್ಲ ಒಳಗೆ ಬಂದು ಒಲೆಯ ಮುಂದೆ ಕೈ ಕಾಯಿಸಿಕೊಳ್ಳುತ್ತಿತ್ತು. ಗುಮಾಸ್ತ ಕೈಗಡಿಯಾರ ನೋಡುವುದು, ಮೂಗೆಳೆದು ವಾಸನೆ ನೋಡುವುದು, ಬಸ್ಸಿನ ದಾರಿ ನೋಡುವುದು, ಮತ್ತೆ ಕೈಗಡಿಯಾರ. ಕೂತರೆ ನಿಲ್ಲಬೇಕೆನಿಸುತ್ತಿತ್ತು, ನಿಂತರೆ ಓಡಬೇಕೆನಿಸುತ್ತಿತ್ತು.

ನಾಲ್ಕೂಕಾಲು ಹೋಯಿತು. ನಾಲ್ಕೂವರೆ ಹೋಯಿತು. ನಾಲ್ಕು ಮುಕ್ಕಾಲಿಗೆ ಮೇಡಂ ಬಂದಳು, ತೋಳಿನ ತುಂಬ ಮಸಿ.

"ತಡವಾಯ್ತು. ಒಂದು ಕಡೆ ಬಹಳ ಕೆಲಸ ಇತ್ತು," ಎಂದು ಟೇಪು ಬಿಚ್ಚಿದಳು. ಒಲೆಯಿಂದ ಸೋಫಾಗೆ ಮೂರಡಿ. ಗೋಡೆಗೆ ಪುಸ್ತಕದಲ್ಲಿ ಹೇಳಿದಷ್ಟು. ಗೋಡೆಯ ಮೇಲಿನ ವಿಷಗಾಳಿಯ ಅಲಾರಮಿನ ಗುಂಡಿ ಒತ್ತಿದಳು. ಅದು ಮೇಷ್ಟ್ರ ಸೀಟಿಯನ್ನೂ ಸೋಲಿಸುವಂತೆ ಕೂಗಿತು. ಮೇಷ್ಟ್ರು ಹೊಟ್ಟೆಕಿಚ್ಚಿನಿಂದ ಮನೆಗೆ ಹೋದರು.

"ಭೇಷ್. ಈ ಊರಲ್ಲಿ ಇಷ್ಟು ಸರಿಯಾದ ಒಲೆ ಇನ್ನೊಂದಿಲ್ಲ. ಇನ್ನು ಕಿಟಕಿ ಹಾಕ್ಕೊಳ್ಳಿ," ಎಂದು ಸಹಿ ಹಾಕಿದಳು.

ಅರ್ಧ ಗಂಟೆಯಲ್ಲಿ ಮನೆ ಅರಳಿತು. ಗಡಿಯಾರದ ಮುಳ್ಳುಗಳು ಒಂದನ್ನೊಂದು ಬಿಟ್ಟು ಟಿಕ್ ಎಂದವು. ಗುಮಾಸ್ತ ಕಂಬಳಿ ತೆಗೆದ. ಸ್ವೆಟರ್ ತೆಗೆದ. ಅದರೊಳಗಿನ ಸ್ವೆಟರನ್ನೂ ತೆಗೆದ. ಎರಡು ತಿಂಗಳ ಮೇಲೆ ತನ್ನ ಕೈಕಾಲುಗಳನ್ನು ಕಂಡು, ಎಲ್ಲ ಇವೆಯೆಂದು ಎಣಿಸಿ, ಆರಾಮಕುರ್ಚಿಯಲ್ಲಿ ಒರಗಿದ. ಸರಿಯಾಗಿ ನಾಲ್ಕು ನಿಮಿಷ.

ಬಾಗಿಲು ತಟ್ಟಿದ ಸದ್ದಾಯಿತು. ಹೆಂಡತಿ ಒಳಗೆ ಬಂದಳು. ಹೊಸ್ತಿಲಲ್ಲೇ ನಿಂತು ಮೂಗರಳಿಸಿದಳು: ಹೊಗೆಯಿಲ್ಲ. ಕೈಚಾಚಿ ನೋಡಿದಳು: ಬಿಸಿ. ಸ್ವೆಟರ್ ಬಿಚ್ಚಿ ಅವನ ಕೈಗೆ ಕೊಟ್ಟು, "ರೀ, ನಿಮ್ಮನ್ನ ಏನೋ ಅಂದ್ಕೊಂಡಿದ್ದೆ," ಎಂದು ನಕ್ಕಳು.

ಗುಮಾಸ್ತ ಆ ನಗೆಯನ್ನು ಪೂರ್ತಿ ನೋಡಿ ಮುಗಿಸಿರಲಿಲ್ಲ. ಅವಳ ಹಿಂದೆ ಒಂದು ಹಾಸಿಗೆ ಸುರುಳಿ ಒಳಗೆ ಬಂತು. ಅದರ ಹಿಂದೆ ಅವಳ ಅಕ್ಕ. ಅಕ್ಕನ ಹಿಂದೆ ಮೂರು ಮಕ್ಕಳು. ಮಕ್ಕಳ ಹಿಂದೆ, ಕೋಲೂರಿಕೊಂಡು, ಷಡ್ಡಕನ ತಾಯಿ. ಎಲ್ಲರ ಹಿಂದೆ, ಎರಡು ಕೈಯಲ್ಲೂ ಟ್ರಂಕು ಹಿಡಿದು, ಷಡ್ಡಕ.

"ನೋಡಯ್ಯಾ ಅನ್ಯಾಯ!" ಎಂದ ಅವನು ಟ್ರಂಕನ್ನು ಗುಮಾಸ್ತನ ಕಾಲಬೆರಳಿನ ಮೇಲೆ ಇಳಿಸಿ. "ಎರಡು ಗಂಟೆಗೆ ಯಾರೋ ಇನ್‌ಸ್ಪೆಕ್ಟರಂತೆ, ನೇರ ಬಂದು ನಮ್ಮ ಒಲೆಗೆ ಮೊಹರು ಒತ್ತಿ ಹೋದ್ಲು. ಪೈಪಿನ ಕಾವಿಗೆ ಕಿಟಕಿ ಗೋಡೆ ಒಳಗೊಳಗೇ ಸುಟ್ಟು ಮಸಿ ಕಟ್ಟಿದೆಯಂತೆ, ಕೆಡವಿ ಹೊಸದಾಗಿ ಕಟ್ಟಬೇಕಂತೆ. ಗಾರೆಯವನು ಈ ಚಳೀಲಿ ಕೆಲಸ ಆಗಲ್ಲ ಅಂತಾನೆ. ಮೂರು ತಿಂಗಳಾದ ಮೇಲೇ ಅಂತೆ! ಯಾವನೋ ಚಾಡಿ ಹೇಳಿದಾನೆ. ಕೈಗೆ ಸಿಗಲಿ!"

"ಸಿಗಲಿ, ಭಾವ," ಎಂದ ಗುಮಾಸ್ತ ತೊದಲುತ್ತ.

"ಅಕ್ಕನ್ನ ಚಳೀಲಿ ಹೇಗ್ರೀ ಬಿಟ್ಬರೋದು? ನಾನೇ ಹೇಳ್ದೆ, ನಮ್ಮನೆ ಈಗ ಬೆಚ್ಚಗಿದೆ, ಬನ್ನಿ ಅಂತ," ಎಂದಳು ಹೆಂಡತಿ ಹೆಮ್ಮೆಯಿಂದ.

ಒಲೆಯಿಂದ ಮೂರಡಿ ಬಿಟ್ಟರೆ ಆ ಕೋಣೆಯಲ್ಲಿ ಉಳಿಯುವ ಜಾಗ ಏಳು ಜನಕ್ಕೆ ಅಳೆದಂತಿತ್ತು. ಗುಮಾಸ್ತ ಎಂಟನೆಯವನು. ಅಕ್ಕ ಸೋಫಾದಲ್ಲಿ, ಅಜ್ಜಿ ಸೋಫಾದ ಇನ್ನೊಂದು ತುದಿಯಲ್ಲಿ, ಮಕ್ಕಳು ನೆಲದಲ್ಲಿ. ಹೆಂಡತಿ ಅಕ್ಕನ ಪಕ್ಕದಲ್ಲಿ. ಆರಾಮಕುರ್ಚಿಯಲ್ಲಿ ಷಡ್ಡಕ ಕಾಲು ಚಾಚಿ, ಒಲೆಯನ್ನು ಮೇಲಿಂದ ಕೆಳಗೆ ನೋಡಿ ತಲೆದೂಗಿದ.

"ಪರವಾಗಿಲ್ಲ ಕಣಯ್ಯಾ. ನಾನು ಹೇಳಿದ ಹಾಗೇ ಮಾಡಿದೀಯ. ಆದ್ರೆ ಬೆಂಕಿ ಇಳೀತಾ ಇದೆ ನೋಡು, ಇನ್ನು ನಾಲ್ಕು ಕಟ್ಟಿಗೆ ತಗೊಂಡ್ಬಾ."

ಕಟ್ಟಿಗೆ ಅಂಗಳದ ಮಾಡಿನ ಕೆಳಗಿತ್ತು. ಗುಮಾಸ್ತ ಸ್ವೆಟರ್ ಹಾಕಿಕೊಂಡ. ಅದರ ಮೇಲಿನ ಸ್ವೆಟರ್ ಹಾಕಿಕೊಂಡ. ಕಂಬಳಿಗಾಗಿ ಹುಡುಕಿದ, ಅದು ಆಗಲೇ ಅಜ್ಜಿಯ ಮೊಣಕಾಲಿನ ಮೇಲಿತ್ತು. ಹಾಗೆಯೇ ಹೊರಗೆ ಕಾಲಿಟ್ಟ. ಕೊರೆಯುವ ಗಾಳಿ ಹಳೆಯ ಗೆಳೆಯನಂತೆ ಬಂದು ಅವನ ಕುತ್ತಿಗೆಯನ್ನು ತಬ್ಬಿತು. ಹಿಂದಿನಿಂದ ಷಡ್ಡಕನ ದನಿ ಕೇಳಿಸಿತು:

"ಏನಯ್ಯಾ, ಬಾಗಿಲು ಹಾಕ್ಕೊಂಡು ಹೋಗು! ಇಷ್ಟು ಕಷ್ಟಪಟ್ಟು ಮಾಡಿರೋ ಬಿಸಿ ಎಲ್ಲ ಹೊರಗೆ ಹೋಗ್ತಿದೆ!"